ಸದನದಲ್ಲಿ ಅಪ್ಪನಿಗೆ ಸಂತಾಪ

ನನ್ನ ಗಂಡ ಶಾಸಕರು. ಯಾವ ಕ್ಷೇತ್ರದವರು ಎಂದು ಹೇಳುವುದಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ನಾಲ್ಕೂ ಊರಿನ ಸರ್ಕಲ್ಲುಗಳಲ್ಲಿ ಫ್ಲೆಕ್ಸಿನೊಳಗೆ ಅವರು ಕೈಮುಗಿದು ನಿಂತಿರುತ್ತಾರೆ. ಬೇಕಾದವರು ತಮ್ಮವರೆಂದು ಇಟ್ಟುಕೊಳ್ಳಲಿ. ನನ್ನವರೆಂದು ಹೇಳಿಕೊಳ್ಳುವ ಉಮೇದು ನನಗೆ ಎಂದೋ ಇಳಿದುಹೋಗಿದೆ.

ಅಧಿವೇಶನ ಹತ್ತಿರ ಬಂತೆಂದರೆ ರಾಮನಗರದ ನಮ್ಮ ಮನೆಗೆ ಮದುವೆ ಮನೆಯ ಸಡಗರ. ಮೊದಲು ಬರುವವನು ಕ್ಷೌರಿಕ. ಹಿಂದಿನ ಅಧಿವೇಶನ ಮುಗಿದಾಗಿನಿಂದ ಬೆಳ್ಳಗಾಗಲು ಬಿಟ್ಟಿದ್ದ ಮೀಸೆಯನ್ನು, ನನ್ನ ಗಂಡನನ್ನು ಹಿತ್ತಲಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ, ಕಪ್ಪು ಮಾಡುತ್ತಾನೆ. ಆಮೇಲೆ ಇಸ್ತ್ರಿಯವನು, ಗಂಜಿ ಹಾಕಿದ ಬಿಳಿ ಶರ್ಟುಗಳನ್ನು ಹಲಗೆ ಹೊತ್ತ ಹಾಗೆ ಎರಡೂ ಕೈಯಲ್ಲಿ ಹಿಡಿದು ತರುತ್ತಾನೆ. ಚನ್ನಪಟ್ಟಣದಿಂದ ಮರದ ಬೊಂಬೆಗಳ ರಟ್ಟಿನ ಪೆಟ್ಟಿಗೆ ಬರುತ್ತದೆ, ಸದನದಲ್ಲಿ ಅಕ್ಕಪಕ್ಕ ಕೂರುವವರಿಗೆ, ಮಂತ್ರಿಗಳ ಮೊಮ್ಮಕ್ಕಳಿಗೆ ಹಂಚಲು. ಜಗುಲಿಯ ಮೇಲೆ ಬೆಳಗಾಗುವ ಮೊದಲೇ ಜನ. ವರ್ಗಾವಣೆ ಬೇಕಾದವರು, ಬಂದ ವರ್ಗಾವಣೆ ಬೇಡವಾದವರು, ಮಗಳ ಮದುವೆಗೆ ಕರೆಯಲು ಬಂದವರು, ಗ್ಯಾಲರಿಯಲ್ಲಿ ಕೂತು ಸದನ ನೋಡಲು ಪಾಸು ಬೇಕಾದವರು. ಕಾಫಿ ಲೋಟ ತೊಳೆದು ಮುಗಿಯುವುದಿಲ್ಲ. ಇಷ್ಟೆಲ್ಲ ಆದ ಮೇಲೆ ಕನಕಪುರದ ಆಚೆ ಕಬ್ಬಾಳಿಗೆ ಹೋಗಿ ಕಬ್ಬಾಳಮ್ಮನಿಗೆ ಪೂಜೆ. ಸದನದಲ್ಲಿ ಎದ್ದು ಒಂದು ಪ್ರಶ್ನೆಯನ್ನೂ ಕೇಳದವರಿಗೆ ಇಷ್ಟು ತಯಾರಿ ಯಾಕೆ ಎಂದು ಆ ತಾಯಿಯೂ ಯೋಚಿಸಿರಬಹುದು.

ನಾನು ಹೇಳಹೊರಟಿರುವ ಅಧಿವೇಶನದಲ್ಲಿ ಇನ್ನೊಂದು ವಿಶೇಷವಿತ್ತು. ಅದು ಶುರುವಾಗುವ ಸ್ವಲ್ಪ ಮುಂಚೆ ನನ್ನ ಅಪ್ಪ ತೀರಿಕೊಂಡಿದ್ದ. ಅಪ್ಪನೂ ಒಂದು ಕಾಲಕ್ಕೆ ಶಾಸಕ, ಒಂದೇ ಒಂದು ಅವಧಿಗೆ. ಮಾಜಿ ಸದಸ್ಯರು ಯಾರಾದರೂ ತೀರಿಕೊಂಡರೆ ಮುಂದಿನ ಅಧಿವೇಶನದ ಮೊದಲ ದಿನ ಸದನ ಅವರ ಹೆಸರು ಹೇಳಿ ಸಂತಾಪ ಸೂಚಿಸುತ್ತದೆ. ಹತ್ತಿರದವರು ಒಂದಿಬ್ಬರು ಎದ್ದು ಮಾತಾಡುತ್ತಾರೆ. ಈ ಸಲ ಹತ್ತಿರದವರು ಎಂದರೆ ಅಳಿಯ. ಎಂದರೆ ನನ್ನ ಗಂಡ.

ಅಪ್ಪನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಅವನು ಶಾಸಕನಾದದ್ದು ಯಾವ ಹೋರಾಟದಿಂದಲೂ ಅಲ್ಲ. ನಮ್ಮ ಕಡೆಯ ಎರಡು ದೊಡ್ಡ ಮನೆಗಳವರು ಟಿಕೆಟ್ಟಿಗೆ ಹಟ ಹಿಡಿದು ಕೂತರು. ನನಗಿಲ್ಲದಿದ್ದರೆ ನಿನಗೂ ಬೇಡ ಎನ್ನುವಲ್ಲಿಗೆ ಬಂದಾಗ, ಇಬ್ಬರಿಗೂ ತೊಂದರೆ ಕೊಡದ ಒಬ್ಬ ಬೇಸಾಯಗಾರನನ್ನು ಹುಡುಕಿದರು. ಅಪ್ಪ ಆಗ ಕೊಬ್ಬರಿ ಒಣಗಿಸುತ್ತಿದ್ದನಂತೆ. ಗೆದ್ದ. ಮಾಗಡಿಗೆ ಹೋಗಿ ಅಲ್ಲಿಂದ ಬೆಂಗಳೂರಿನ ಬಸ್ಸು ಹತ್ತಿ, ರಾಗಿ ರೊಟ್ಟಿ ಕಟ್ಟಿಸಿಕೊಂಡು ಸದನಕ್ಕೆ ಹೋದ. ಸಂಜೆ ಬಸ್ಸಿಗೆ ವಾಪಸು ಬಂದ. ಐದು ವರ್ಷ ಆದಮೇಲೆ ಠೇವಣಿ ಕಳೆದುಕೊಂಡು ಸೋತ. ಸೋತ ದಿನ ಬೇಯಿಸಿದ ಅವರೆಕಾಯಿ ಬಿಡಿಸಿ ತಿನ್ನುತ್ತಾ, “ಬಚಾವಾದೆ ಕಣೆ” ಎಂದು ಅವ್ವನಿಗೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಸಿಡುಕ. ಹೊಗಳಿದರೆ ಅನುಮಾನ ಪಡುತ್ತಿದ್ದ. ಮಹಾತ್ಮನಂತೂ ಅಲ್ಲ.

ನನ್ನ ಗಂಡ ಹೆದ್ದಾರಿ ಪಕ್ಕದ ಹೊಲಗಳನ್ನು ಲೇಔಟ್ ಮಾಡಿ ಮಾರುವ ವ್ಯವಹಾರದಿಂದ ರಾಜಕೀಯಕ್ಕೆ ಬಂದವರು. ಮೊದಲ ಚುನಾವಣೆಗೆ ನಿಲ್ಲುವಾಗ ಅಪ್ಪನ ಆಶೀರ್ವಾದ ಕೇಳಲು ಹೂವಿನ ಹಾರ, ಹಣ್ಣಿನ ಬುಟ್ಟಿ, ಫೋಟೋ ತೆಗೆಯುವವನನ್ನು ಕರೆದುಕೊಂಡು ಹೋಗಿದ್ದರು. ಅಪ್ಪ ಜಗುಲಿಯಿಂದ ಏಳಲಿಲ್ಲ.

“ನಿಂಗ್ಯಾಕಪ್ಪ ಅದು? ಒಂದು ಕಡೆ ಕೂತ್ಕಂಡು ಇನ್ನೊಬ್ರು ಮಾತು ಕೇಳೋ ಅಭ್ಯಾಸ ನಿಂಗಿಲ್ಲ. ಅಲ್ಲಿ ಇರೋ ಕೆಲಸ ಅದೊಂದೇಯ.”

ಹಾಗಂದವನ ಚಿತ್ರವನ್ನೇ ನನ್ನ ಗಂಡ ತಮ್ಮ ಚಿತ್ರದ ಪಕ್ಕದಲ್ಲಿ ದೊಡ್ಡದಾಗಿ ಅಚ್ಚು ಹಾಕಿಸಿ ಮಾಗಡಿ ಬಸ್ ಸ್ಟ್ಯಾಂಡಿನ ಎದುರು ಕಟ್ಟಿಸಿದರು. ಅಪ್ಪ ಸಂತೆಗೆಂದು ಬಂದವನು ಬಸ್ಸಿಳಿದು ನೋಡಿದ. ಎಳನೀರಿನವನ ಹತ್ತಿರ ಮಚ್ಚು ಇಸಿದುಕೊಂಡು, ಕಟ್ಟೆ ಹತ್ತಿ, ಫ್ಲೆಕ್ಸಿನಿಂದ ತನ್ನ ಮುಖವನ್ನು ಮಾತ್ರ ಚೌಕವಾಗಿ ಕೊಯ್ದು, ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಊರಿಗೆ ಹೋದ. ಹಿತ್ತಲಲ್ಲಿ ಸೌದೆಯ ಮೇಲೆ ಹೊದಿಸಿದ. ಆ ಮಳೆಗಾಲವೆಲ್ಲ ಅಪ್ಪನ ಮುಖದ ಕೆಳಗೆ ಸೌದೆ ಒಣಗಿಯೇ ಇತ್ತು. ಅಂದಿನಿಂದ ಸಾಯುವವರೆಗೂ ಅಪ್ಪ ಅಳಿಯನ ಜೊತೆ ಮಾತಾಡಲಿಲ್ಲ. ನಾವು ಹೋದಾಗ ನನ್ನನ್ನು ಮಾತಾಡಿಸಿ, ಅವರನ್ನು ಕಂಡರೆ ಹಿತ್ತಲಿಗೆ ಎದ್ದುಹೋಗುತ್ತಿದ್ದ.

ಅಧಿವೇಶನದ ಹಿಂದಿನ ದಿನ ಕಬ್ಬಾಳಿನಿಂದ ಬಂದ ನನ್ನ ಗಂಡ ಹಣೆ ತುಂಬ ಕುಂಕುಮ ಇಟ್ಟುಕೊಂಡು ಸೋಫಾದಲ್ಲಿ ಕೂತರು. ಪಕ್ಕದಲ್ಲಿ ಅವರ ಆಪ್ತ ಸಹಾಯಕ. ನಡುವಯಸ್ಸಿನವನು, ಹಿಂದೆ ಯಾವುದೋ ಪತ್ರಿಕೆಯಲ್ಲಿದ್ದು ಬಿಟ್ಟವನು. ನನ್ನ ಗಂಡ ಹೊರಗೆ ಆಡುವ ಮಾತುಗಳೆಲ್ಲ ಅವನವು. ಮನೆಯೊಳಗೆ ಆಡುವವು ಮಾತ್ರ ಸ್ವಂತದವು.

“ನಿಮ್ಮಪ್ಪಾರ ಬಗ್ಗೆ ಒಸಿ ಹೇಳು ಕಣೆ. ನಾಳೆ ಸದನದಲ್ಲಿ ಮಾತಾಡ್ಬೇಕು. ಅವ್ರು ಏನೇನ್ ಮಾಡಿದ್ರು?”

“ಎಲ್ಲಿ?”

“ಎಲ್ಲಿ ಅಂದ್ರೆ? ಸದನದಲ್ಲಿ.”

“ನಿದ್ದೆ ಮಾಡ್ತಿದ್ರು.”

“ತಮಾಸೆ ಬ್ಯಾಡ.”

“ತಮಾಸೆ ಅಲ್ಲ ಕಣ್ರೀ. ಅವರೇ ಹೇಳ್ತಿದ್ರು. ಅಲ್ಲಿ ಫ್ಯಾನು ಚೆನ್ನಾಗಿತ್ತಂತೆ.”

ನನ್ನ ಗಂಡ ಸಹಾಯಕನ ಮುಖ ನೋಡಿದರು. ಅವನು ನಕ್ಕು, ಮಗುವಿಗೆ ತಿಳಿಹೇಳುವವನಂತೆ ನನ್ನ ಕಡೆ ತಿರುಗಿದ.

“ಅಕ್ಕಾ, ನಿದ್ದೆ ಅಂತ ಹೇಳೋಕಾಗಲ್ಲ. ಆ ಕಾಲದಲ್ಲಿ ನಿಮ್ಮ ಕಡೆ ಏನಿರ್ಲಿಲ್ಲ ಹೇಳಿ.”

“ಏನೂ ಇರ್ಲಿಲ್ಲ. ಮಾಗಡಿಗೆ ರೈಲು ಇರ್ಲಿಲ್ಲ. ಈಗ್ಲೂ ಇಲ್ಲ.”

“ಆಯ್ತಲ್ಲ!” ಎಂದ ಅವನು. “ಮಾಗಡಿಗೆ ರೈಲು ತರೋಕೆ ಸದನದಲ್ಲಿ ಗುಡುಗಿದ್ರು ಅಂತ ಮಡಗೋಣ. ರೈಲು ಬಂದಿಲ್ಲ, ಹಂಗಾಗಿ ಸುಳ್ಳು ಅಂತ ಯಾರೂ ಹೇಳಂಗಿಲ್ಲ.”

ನಾನು ಎದ್ದು ಅಡುಗೆಮನೆಗೆ ಹೋದೆ. ಆ ಮನೆಯಲ್ಲಿ ಇಂಥ ಮಾತಿಗೆ ಸಿಟ್ಟು ಮಾಡಿಕೊಂಡರೆ ದಿನವಿಡೀ ಸಿಟ್ಟಿನಲ್ಲೇ ಇರಬೇಕಾಗುತ್ತದೆ. ಹಿಂದಿನಿಂದ ನನ್ನ ಗಂಡ ಗಂಟಲು ಸರಿಮಾಡಿಕೊಂಡು ‘ನನ್ನ ರಾಜಕೀಯ ಗುರುಗಳು’ ಎಂದು ಎರಡು ಮೂರು ರಾಗದಲ್ಲಿ ಹೇಳಿ ನೋಡುವುದು ಕೇಳಿಸುತ್ತಿತ್ತು.

ಅವ್ವ ತಾನೂ ನಮ್ಮ ಜೊತೆ ಸದನಕ್ಕೆ ಬರುತ್ತೇನೆ ಎಂದು ಹಟ ಹಿಡಿದಿದ್ದಳು. ಅವಳಿರುವುದು ಸಾವನದುರ್ಗದ ಕಡೆಯ ನಮ್ಮೂರಿನಲ್ಲಿ, ನನ್ನ ತಮ್ಮನ ಸಂಸಾರದ ಜೊತೆ. ಅಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಅಪ್ಪ ಶಾಸಕನಾಗಿದ್ದ ಐದು ವರ್ಷದಲ್ಲಿ ಒಂದು ದಿನವೂ ಅವಳು ಆ ಕಟ್ಟಡ ನೋಡಿರಲಿಲ್ಲ. “ನಿಮ್ಮಪ್ಪ ಎಲ್ಲಿ ಕೂತ್ಕತಿದ್ದ ಅಂತ ಒಂದ್ಸಾರಿ ನೋಡ್ಬೇಕು ಕಣವ್ವ, ಅಷ್ಟೇಯ” ಅಂದಳು. ಬೆಳಿಗ್ಗೆ ತಮ್ಮ ಅವಳನ್ನು ರಾಮನಗರಕ್ಕೆ ತಂದು ಬಿಟ್ಟ. ನನ್ನ ಗಂಡ ಮುಂದಿನ ಕಾರಿನಲ್ಲಿ, ನಾವು ಹಿಂದಿನ ಕಾರಿನಲ್ಲಿ, ಬೊಂಬೆಗಳ ಪೆಟ್ಟಿಗೆಯ ಜೊತೆ.

ರಾಜ್ಯಪಾಲರ ಭಾಷಣ ಮುಗಿಯುವವರೆಗೆ ನಮ್ಮನ್ನು ಒಂದು ಕೋಣೆಯಲ್ಲಿ ಕೂರಿಸಿದರು. ಅಲ್ಲಿ ಟಿವಿಯಲ್ಲಿ ಭಾಷಣ ಬರುತ್ತಿತ್ತು. ಸರ್ಕಾರ ಏನೇನು ಮಾಡಿದೆ, ಏನೇನು ಮಾಡಲಿದೆ ಎಂದು ಓದುತ್ತಲೇ ಇದ್ದರು. ಕ್ಯಾಮೆರಾ ಸಾಲಿನ ಮೇಲೆ ಹಾದುಹೋಗುವಾಗ ನನ್ನ ಗಂಡ ಕಾಣಿಸಿದರು. ಪಕ್ಕದವರ ಕಿವಿಯಲ್ಲಿ ಏನೋ ಹೇಳಿ ಹೆಗಲು ಕುಣಿಸಿ ನಗುತ್ತಿದ್ದರು. ಕ್ಯಾಮೆರಾ ತಮ್ಮ ಮೇಲಿದೆ ಎಂದು ಗೊತ್ತಾದ ಕೂಡಲೇ ಮುಖ ಗಟ್ಟಿ ಮಾಡಿ, ಗಲ್ಲಕ್ಕೆ ಕೈ ಕೊಟ್ಟು, ರಾಜ್ಯದ ಭವಿಷ್ಯವನ್ನೆಲ್ಲ ತಲೆಯಲ್ಲಿ ಹೊತ್ತವರಂತೆ ಕೂತರು. ಆ ಮುಖ ನನಗೆ ಗೊತ್ತು. ಮದುವೆ ಊಟದಲ್ಲಿ ಪಾಯಸ ಬರುವುದು ತಡವಾದರೂ ಅದೇ ಮುಖ.

ಮಧ್ಯಾಹ್ನದ ಹೊತ್ತಿಗೆ ನಮ್ಮನ್ನು ಗ್ಯಾಲರಿಗೆ ಬಿಟ್ಟರು. ಫೋನು ಇಸಿದುಕೊಂಡರು. ಬಾಗಿಲಲ್ಲಿ ಅವ್ವ ಚಪ್ಪಲಿ ಬಿಟ್ಟಳು. ಅಲ್ಲಿ ನಿಂತಿದ್ದ ಮಾರ್ಷಲ್, “ಹಾಕ್ಕೊಳಿ ಅಜ್ಜಿ, ಇದೇನು ಗುಡಿಯಲ್ಲ” ಎಂದ. ಅವನ ಬಾಯಿಂದ ಬಂದದ್ದು ಆ ದಿನ ಆ ಕಟ್ಟಡದಲ್ಲಿ ನಾನು ಕೇಳಿದ ಮೊದಲ ನಿಜ.

ಅವ್ವ ಕೂತವಳೇ ಮೇಲೆ ನೋಡಿದಳು.

“ಫ್ಯಾನೇ ಇಲ್ವಲ್ಲೇ. ತೆಗೆದ್ಬುಟ್ಟವ್ರೆ.”

“ಈಗ ಏಸಿ ಅವ್ವ.”

“ಇನ್ನ ಯಾವ ಸೀಟು ಅಂತ ಎಂಗೆ ಗೊತ್ತಾಯ್ತದೆ? ಫ್ಯಾನಿನ ಕೆಳಗೆ ಕೂತ್ಕತೀನಿ ಅನ್ನೋರು.”

ಕೆಳಗೆ ಸಂತೆಯ ಹಾಗೆ ಇತ್ತು. ಒಬ್ಬರು ಇನ್ನೊಬ್ಬರಿಗೆ ಲಗ್ನಪತ್ರಿಕೆ ಕೊಡುತ್ತಿದ್ದರು. ಒಬ್ಬರು ಬೆನ್ನು ತಿರುಗಿಸಿ ನಿಂತು ಹಿಂದಿನ ಸಾಲಿನವರಿಗೆ ಫೋನಿನಲ್ಲಿ ಫೋಟೋ ತೋರಿಸುತ್ತಿದ್ದರು. ನನ್ನ ಗಂಡ ಚೀಲದಿಂದ ಬೊಂಬೆ ತೆಗೆದು ಹಂಚುತ್ತಿದ್ದರು. ಸಭಾಧ್ಯಕ್ಷರು ಬಂದು ಕೂತ ಮೇಲೆ ಸ್ವಲ್ಪ ಸದ್ದು ಅಡಗಿತು. ಅವರು ತೀರಿಕೊಂಡವರ ಹೆಸರುಗಳನ್ನು ಒಂದೊಂದಾಗಿ ಓದಿದರು. ಅಪ್ಪನ ಹೆಸರು, ಊರು, ಎಂದಿನಿಂದ ಎಂದಿನವರೆಗೆ ಸದಸ್ಯನಾಗಿದ್ದ ಎಂಬುದು, ಎಲ್ಲ ಸರಿಯಾಗಿ ಬಂತು. ಅವ್ವ ನನ್ನ ಕೈ ಹಿಡಿದುಕೊಂಡಳು. ಹಿರಿಯರು ಕೆಲವರು ಎದ್ದು ನಾಲ್ಕು ಮಾತಾಡಿದರು. ಎಲ್ಲರಿಗೂ ಅವವೇ ಮಾತು. ಸರಳ, ಸಜ್ಜನ, ತುಂಬಲಾರದ ನಷ್ಟ. ಅದಕ್ಕೆ ನನ್ನ ತಕರಾರಿಲ್ಲ. ಗೊತ್ತಿಲ್ಲದವರ ಬಗ್ಗೆ ಅಷ್ಟಾದರೂ ಹೇಳಿದರು.

ಗೊತ್ತಿದ್ದವರು ಕೊನೆಗೆ ಎದ್ದರು. ನನ್ನ ಗಂಡ ಮೈಕಿನ ಮುಂದೆ ನಿಂತು ಸ್ವಲ್ಪ ಹೊತ್ತು ಮಾತೇ ಬರದವರಂತೆ ಸುಮ್ಮನಿದ್ದರು. ಆಮೇಲೆ ಬಂತು ನೋಡಿ. ಆ ಮಹಾನುಭಾವರು ಈ ಸದನದಲ್ಲಿ ಸಿಂಹದಂತೆ ಘರ್ಜಿಸುತ್ತಿದ್ದರಂತೆ. ಮಾಗಡಿಗೆ ರೈಲು ಬೇಕೆಂದು ಮೂರು ಹಗಲು ಪಟ್ಟು ಹಿಡಿದು ನಿಂತಿದ್ದರಂತೆ. ಮಂತ್ರಿಗಿರಿ ಮನೆ ಬಾಗಿಲಿಗೆ ಬಂದಾಗ, ನನಗೆ ಜನ ಸಾಕು ಎಂದು ವಾಪಸು ಕಳಿಸಿದ್ದರಂತೆ. ನನ್ನ ಗಂಡನನ್ನು ಕೈಹಿಡಿದು ರಾಜಕೀಯಕ್ಕೆ ತಂದರಂತೆ. ಕಣ್ಣು ಮುಚ್ಚುವ ಮುನ್ನ, “ಮಗನೇ, ಬಡವರನ್ನು ಕೈಬಿಡಬೇಡ” ಎಂದು ಹೇಳಿಹೋದರಂತೆ. ಅಲ್ಲಿಗೆ ಬಂದಾಗ ಸ್ವರ ಒಡೆಯಿತು. ಬೆಳಿಗ್ಗೆ ನಾನೇ ಜೇಬಿಗೆ ಇಟ್ಟಿದ್ದ ಇಸ್ತ್ರಿ ಕರವಸ್ತ್ರ ಹೊರಗೆ ಬಂತು. ಹಿಂದಿನ ಸಾಲಿನವರು ಒಬ್ಬರು ಕೈ ಚಾಚಿ ಅವರ ಬೆನ್ನು ಸವರಿದರು. ಸವರುವಾಗಲೂ ಕಣ್ಣು ತಮ್ಮ ಫೋನಿನ ಮೇಲೇ ಇತ್ತು.

ಅಪ್ಪ ಕಣ್ಣು ಮುಚ್ಚುವಾಗ ಹತ್ತಿರ ಇದ್ದವರು ಅವ್ವ, ತಮ್ಮ, ನಾನು. ಅವನು ಕೊನೆಗೆ ಕೇಳಿದ್ದು ಒಂದು ಗುಟುಕು ನೀರುಮಜ್ಜಿಗೆ. ಆ ದಿನ ನನ್ನ ಗಂಡ ಕನಕಪುರದಲ್ಲಿ ಯಾವುದೋ ಅಂಗಡಿಯ ಟೇಪು ಕತ್ತರಿಸುತ್ತಿದ್ದರು.

ಅವ್ವ ನನ್ನ ಕಿವಿಯ ಹತ್ತಿರ ಬಾಗಿದಳು.

“ಯಾರ ವಿಷ್ಯ ಹೇಳ್ತಾವ್ನೆ?”

“ಅಪ್ಪನ ವಿಷ್ಯ ಅವ್ವ.”

“ನಮ್ಮೋರ ವಿಷ್ಯವಾ?” ಎಂದಳು. ನಂಬಲಿಲ್ಲ. ಮತ್ತೆ ಕೆಳಗೆ ನೋಡುತ್ತಾ ಕೂತಳು.

ಆಮೇಲೆ ಎಲ್ಲರೂ ಎದ್ದು ಒಂದು ನಿಮಿಷ ಮೌನ. ನಾವೂ ಎದ್ದೆವು. ಆ ದೊಡ್ಡ ಸಭೆಯಲ್ಲಿ ಅಪ್ಪನಿಗಾಗಿ ನಿಜವಾಗಿ ಏನಾದರೂ ಆಯಿತು ಎಂದರೆ ಅದೊಂದೇ ಎಂದುಕೊಂಡು ನಾನು ತಲೆ ತಗ್ಗಿಸಿದೆ. ಅಷ್ಟರಲ್ಲಿ ಕೆಳಗಿನಿಂದ ಗಿಲಿಗಿಲಿ ಎಂದು ಸದ್ದಾಯಿತು. ನನ್ನ ಗಂಡ ಹಂಚಿದ್ದ ಬೊಂಬೆಗಳಲ್ಲಿ ಮಕ್ಕಳ ಗಿಲಕಿಯೂ ಇತ್ತು. ಅದನ್ನು ಜೇಬಿಗೆ ಹಾಕಿಕೊಂಡಿದ್ದ ಸದಸ್ಯರೊಬ್ಬರು ಕಾಲು ಬದಲಿಸಿದಾಗಲೆಲ್ಲ ಅದು ಆಡುತ್ತಿತ್ತು. ಎರಡನೇ ಸಲಕ್ಕೆ ಅಕ್ಕಪಕ್ಕದವರ ಹೆಗಲು ಕುಣಿಯತೊಡಗಿತು. ನನ್ನ ಗಂಡ ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದುದು ನನಗೆ ಮೇಲಿನಿಂದ ಚೆನ್ನಾಗಿ ಕಾಣುತ್ತಿತ್ತು. ಕೆನ್ನೆಯ ಮೇಲೆ ಅಳುವಿನ ಗುರುತು ಇನ್ನೂ ಒದ್ದೆಯಾಗಿತ್ತು. ಸಭೆ ಮುಂದಕ್ಕೆ ಹೋಯಿತೆಂದು ಹೇಳಿದ ತಕ್ಷಣ ಎಲ್ಲರೂ ಊಟದ ಕಡೆ ನಡೆದರು.

ಹೊರಗೆ ಮೆಟ್ಟಿಲ ಹತ್ತಿರ ನಾವು ಕಾರಿಗೆ ಕಾಯುತ್ತಿದ್ದಾಗ ಟಿವಿಯ ಹುಡುಗಿಯೊಬ್ಬಳು ಮೈಕು ಹಿಡಿದು ಬಂದಳು. ಜೊತೆಗೆ ಕ್ಯಾಮೆರಾದವನು. ಯಾರೋ ಹೇಳಿದ್ದರು, ಇವರೇ ತೀರಿಕೊಂಡ ಮಾಜಿ ಶಾಸಕರ ಹೆಂಡತಿ ಎಂದು. ನಾನು ಬೇಡ ಎನ್ನುವ ಮೊದಲೇ ಅವಳು ಕೇಳಿದಳು.

“ಅಮ್ಮಾ, ನಿಮ್ಮ ಯಜಮಾನ್ರು ಮಾಗಡಿಗೆ ರೈಲು ತರೋಕೆ ಅಷ್ಟೆಲ್ಲ ಹೋರಾಡಿದ್ರಂತೆ. ಆ ದಿನಗಳನ್ನ ನೆನಪು ಮಾಡ್ಕೊಳ್ತೀರಾ?”

“ಯಾವ ರೈಲವ್ವ?” ಎಂದಳು ಅವ್ವ. “ರೈಲು ಹತ್ತಿದ್ರೆ ತಲೆ ಸುತ್ತು ಬತ್ತದೆ ಅಂತ ಮೈಸೂರಿಗೂ ಬಸ್ನಾಗೇ ಹೋಗೋರು.”

ಹುಡುಗಿ ನಗು ತಡೆದುಕೊಂಡಳು. “ಸದನದಲ್ಲಿ ಸಿಂಹದ ಥರ ಘರ್ಜಿಸ್ತಿದ್ರು ಅಂತ ನಿಮ್ಮ ಅಳಿಯ ಹೇಳಿದ್ರು.”

“ಗೊರಕೆ ಹೊಡೀತಿದ್ರು ತಾಯಿ. ಅದ್ನೇ ಅಂಗಂದಿರ್ಬೇಕು. ಅಟ್ಟೀಲಿ ಆವಾಗ ಫ್ಯಾನಿರ್ಲಿಲ್ಲ, ಇಲ್ಲಿತ್ತು. ಉಂಡು ಬಂದು ಕೂತ್ರೆ ನಿದ್ದೆ ಎಳೀತದೆ ಅನ್ನೋರು. ಒಂದ್ಸಾರಿ ಎದ್ದು ಮಾತಾಡಿದ್ರಂತೆ. ನಮ್ಮ ಕಡೆ ಕೊನೇ ಬಸ್ಸು ಬಿರ್ರನೆ ಹೊಂಟೋಯ್ತದೆ, ಸಭೆ ಒಸಿ ಬೇಗ ಮುಗಿಸಿ ಸ್ವಾಮಿ ಅಂತ. ಎಲ್ಲ ನಕ್ಕುಬುಟ್ರಂತೆ. ಆಮೇಲೆ ಮಾತಾಡ್ಲೇ ಇಲ್ಲ.”

“ನಿಮ್ಮ ಅಳಿಯನಿಗೆ ಅವರೇ ರಾಜಕೀಯ ಗುರು ಅಲ್ವಾ ಅಮ್ಮ?”

“ಗುರುವಾ? ಇವ್ನು ಬಂದ್ರೆ ಅವ್ರು ಹಿತ್ಲಿಗೆ ಎದ್ದೋಗೋರು ಕಣವ್ವ.”

ಆಪ್ತ ಸಹಾಯಕ ಮೆಟ್ಟಿಲು ಇಳಿದು ಓಡಿ ಬರುವಷ್ಟರಲ್ಲಿ ಹುಡುಗಿ ಕೈಮುಗಿದು ಹೋಗಿಯಾಗಿತ್ತು. ಅವನ ಮುಖ ನೋಡಿ ನನಗೆ ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಊಟ ಮಾಡಿದಷ್ಟು ಸಮಾಧಾನವಾಯಿತು.

ನಾವು ರಾಮನಗರ ಮುಟ್ಟುವ ಮೊದಲೇ ಅದು ಊರೆಲ್ಲರ ಫೋನಿಗೆ ಬಂದಿತ್ತು. ಸಂಜೆ ನನ್ನ ಗಂಡ ಬಾಗಿಲಲ್ಲೇ ಕೂಗಾಡುತ್ತಾ ಒಳಗೆ ಬಂದರು. ಜಗುಲಿಯಲ್ಲಿದ್ದವರು ಎದ್ದು ನಿಂತರು. ಅವರ ಕಡೆ ಅಭ್ಯಾಸಬಲದಿಂದ ಕೈಮುಗಿದು ನಕ್ಕು, ಒಳಗೆ ಬಂದು ಬಾಗಿಲು ಹಾಕಿ ಮತ್ತೆ ಕೂಗಾಟ ಮುಂದುವರಿಸಿದರು.

“ನಿಮ್ಮವ್ವನ್ನ ಯಾರು ಮಾತಾಡು ಅಂದೋರು? ನಾನು ಮಂತ್ರಿ ಆಗೋ ಟೈಮಲ್ಲಿ ಮಾನ ಕಳೆದ್ಬುಟ್ರಲ್ಲ!”

ಅವ್ವ ಅಲ್ಲೇ ಗೋಡೆಗೆ ಒರಗಿ ಕೂತಿದ್ದಳು. ಅಳಿಯನಿಗೆ ಎದುರು ಮಾತಾಡುವ ಪದ್ಧತಿ ಅವಳಿಗಿಲ್ಲ. ಸೆರಗು ಎಳೆದುಕೊಂಡು, ಮುಖ ನನ್ನ ಕಡೆ ತಿರುಗಿಸಿ, ಅವರಿಗೆ ಕೇಳುವಂತೆ ನನಗೆ ಹೇಳಿದಳು.

“ಮಣ್ಣು ಮಾಡಿ ಬಂದ ಮ್ಯಾಲೂ ನನ್ನ ಗಂಡ ನನ್ನ ಹತ್ರನೇ ಇದ್ರು ಕಣವ್ವ. ಕಣ್ಣು ಮುಚ್ಚಿದ್ರೆ ಸಿಡಿಮಿಡಿ ಅನ್ನೋದು ಕೇಳಿಸ್ತಿತ್ತು. ಇವತ್ತು ಅಲ್ಲಿ ಕೂತು ಕೇಳ್ತಾ ಕೇಳ್ತಾ, ಇಂಥೋರು ಯಾರಪ್ಪ, ನಂಗೆ ಗೊತ್ತೇ ಇಲ್ವಲ್ಲ ಅನ್ನುಸ್ಬುಡ್ತು. ನನ್ನ ಗಂಡನ್ನ ನಂಗೇ ಗುರ್ತು ಸಿಗ್ದಂಗೆ ಮಾಡ್ಬುಟ್ರು. ಅದ್ಕೆ ಆ ಹುಡ್ಗಿ ಕೇಳ್ದಾಗ ಹೇಳ್ದೆ. ವಾಪಸ್ ಬೇಕಾಗಿತ್ತು ನಂಗೆ.”

ನನ್ನ ಗಂಡನಿಗೆ ಅರ್ಥವಾಗಿ ಸುಮ್ಮನಾದರು ಎಂದು ಬರೆಯಲು ನನಗೂ ಆಸೆ. ಆದರೆ ಆಗ ಅವರ ಫೋನು ಬಡಿದುಕೊಂಡಿತ್ತು, ಆ ಕಡೆ ಪಕ್ಷದ ಯಾರೋ ದೊಡ್ಡವರಿದ್ದರು.

ಮಾರನೆಯ ದಿನ ಬೆಳಿಗ್ಗೆ ನಾನು ಅವ್ವನನ್ನು ಊರಿಗೆ ಬಿಟ್ಟುಬರುತ್ತೇನೆಂದು ಹೋದವಳು ಅಲ್ಲೇ ಉಳಿದೆ. ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಾ, ತಮ್ಮನ ಹೆಂಡತಿಯ ಜೊತೆ ಟಿವಿಯಲ್ಲಿ ಸದನ ನೋಡಿದೆ. ಆ ದಿನ ವಿರೋಧ ಪಕ್ಷದವರಿಗೆ ಮಾತಾಡಲು ಬಿಡದಂತೆ ಗಲಾಟೆ ಮಾಡಬೇಕೆಂದು ಅವರ ಪಕ್ಷದ ಮುಖ್ಯ ಸಚೇತಕರು ಹೇಳಿದ್ದರು ಎಂದು ಕಾಣುತ್ತದೆ. ಪ್ರಶ್ನೋತ್ತರ ಶುರುವಾಗುತ್ತಿದ್ದಂತೆ ಎಲ್ಲರೂ ಸಭಾಧ್ಯಕ್ಷರ ಪೀಠದ ಮುಂದೆ ಹೋಗಿ ಕೂಗತೊಡಗಿದರು. ಹಿಂದಿನ ದಿನ ಅತ್ತವರು ಇಂದು ಅಂಗಿಯ ತೋಳು ಮಡಚಿ ಮುಂದೆ ನಿಂತಿದ್ದರು. ಕೈಯಲ್ಲಿ ಒಂದು ಬೋರ್ಡು, ತಲೆಕೆಳಗಾಗಿ. ಪಕ್ಕದವರು ಅದನ್ನು ತಿರುಗಿಸಿ ಕೊಟ್ಟರು. ಅದರಲ್ಲಿ ಏನು ಬರೆದಿದೆ ಎಂದು ಅವರು ಒಂದು ಸಲ ಬಗ್ಗಿ ಓದಿಕೊಂಡು, ಆಮೇಲೆ ಅದನ್ನೇ ಕೂಗಿದರು. ಸಭೆ ಮುಂದಕ್ಕೆ ಹೋಯಿತು. ಮತ್ತೆ ಸೇರಿತು, ಮತ್ತೆ ಮುಂದಕ್ಕೆ ಹೋಯಿತು. ನಾದಿನಿ, “ಭಾವ ಚೆನ್ನಾಗಿ ಕಾಣ್ತಾವ್ರೆ ಅಲ್ವಾ ಅತ್ಗೆ” ಎಂದಳು. ಅದು ನಿಜ. ಚೆನ್ನಾಗಿ ಕಾಣುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

ಆದರೆ ನಾನು ಅಂದುಕೊಂಡಂತೆ ಅವರ ಮಾನ ಹೋಗಲಿಲ್ಲ. ಅವ್ವನ ಮಾತು ಜನಕ್ಕೆ ಬಹಳ ಇಷ್ಟವಾಗಿಬಿಟ್ಟಿತು. ಎಂಥ ಮುಗ್ಧೆ, ಎಂಥ ನೇರ ಮಾತು, ಹಳ್ಳಿಯ ಹೃದಯ ಎಂದರು. ಮಂತ್ರಿಯೊಬ್ಬರು ಊಟದ ಹೊತ್ತಿನಲ್ಲಿ ನನ್ನ ಗಂಡನ ಬೆನ್ನು ತಟ್ಟಿ, “ನಿಮ್ಮತ್ತೆ ನಮಗಿಂತ ಚೆನ್ನಾಗಿ ಮಾತಾಡ್ತಾರಲ್ರೀ” ಎಂದು ನಕ್ಕರಂತೆ. ಅಷ್ಟು ಸಾಕಾಯಿತು. ಸಂಜೆಯ ಹೊತ್ತಿಗೆ ನನ್ನ ಗಂಡನೇ ಅದೇ ವಿಡಿಯೋವನ್ನು ತಮ್ಮ ಪುಟದಲ್ಲಿ ಹಾಕಿ, ‘ನನ್ನನ್ನು ತಿದ್ದುವ ತಾಯಿ’ ಎಂದು ಮೇಲೆ ಬರೆಸಿದ್ದರು. ಕಟ್ಟಕಡೆಗೆ ಒಬ್ಬರಾದರೂ ಅವರ ಮುಖಕ್ಕೆ ನಿಜ ಹೇಳಿದರು ಎಂದು ನಾನು ಖುಷಿಪಟ್ಟಿದ್ದೆ. ಅವರು ಆ ನಿಜವನ್ನೂ ಹಾರದಂತೆ ಕೊರಳಿಗೆ ಹಾಕಿಕೊಂಡರು.

ಮೂರನೆಯ ದಿನ ಮಧ್ಯಾಹ್ನ ಅವರೇ ಊರಿಗೆ ಬಂದರು. ಎರಡು ಕಾರು, ಆಪ್ತ ಸಹಾಯಕ, ಕ್ಯಾಮೆರಾದವನು. ಅವ್ವ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಸಹಾಯಕ ಬೆಳಕು ಯಾವ ಕಡೆ ಚೆನ್ನಾಗಿದೆ ಎಂದು ನೋಡಿ, ಅವ್ವನ ಮೊರ ಹಾಗೇ ಕೈಯಲ್ಲಿರಲಿ ಎಂದು ಹೇಳಿ, ನನ್ನ ಗಂಡನಿಗೆ ಸನ್ನೆ ಮಾಡಿದ. ನನ್ನ ಗಂಡ ಬಂದು ಅವ್ವನ ಕಾಲಿಗೆ ಬಿದ್ದರು. ಹೊಟ್ಟು ಅವರ ಕಪ್ಪು ಮೀಸೆಗೆ ಅಂಟಿಕೊಂಡಿತು. ಕ್ಯಾಮೆರಾದವನು ಸರಿಯಾಗಿ ಬರಲಿಲ್ಲ ಎಂದ. ಇನ್ನೊಂದು ಸಲ ಬಿದ್ದರು.

ಅವ್ವ ಕಾಲು ಹಿಂದೆಳೆದುಕೊಂಡಳು. ಈ ಸಲ ಮುಖ ನನ್ನ ಕಡೆ ತಿರುಗಿಸಲಿಲ್ಲ. ಅಳಿಯನನ್ನೇ ನೋಡಿ ಕೇಳಿದಳು.

“ಇವತ್ತು ಸಭೆ ಇಲ್ವೇನಪ್ಪ?”

“ಐತೆ ಅತ್ತೆ. ಬೆಳಿಗ್ಗೆ ಹೋಗಿ ಸಹಿ ಹಾಕಿ ಬಂದೆ. ನಿಮ್ಮ ಆಶೀರ್ವಾದಕ್ಕಿಂತ ಸಭೆ ಹೆಚ್ಚಾ?”

ಅವ್ವ ಮೊರ ಕೆಳಗಿಟ್ಟಳು.

“ನಮ್ಮೋರು ನಿದ್ದೆ ಮಾಡಿದ್ರೂ ಅಲ್ಲೇ ಕೂತ್ಕಂಡು ಮಾಡೋರು ಕಣಪ್ಪ. ಸಹಿ ಹಾಕಿ ಅಟ್ಟಿಗೆ ಬತ್ತಿರ್ಲಿಲ್ಲ.”

ನನ್ನ ತಮ್ಮ ಹುಳದ ಮನೆಯ ಬಾಗಿಲಲ್ಲಿ ನಿಂತಿದ್ದವನು ಒಳಗೆ ಸರಿದ. ನನ್ನ ಗಂಡ ಮೊದಲು ಕ್ಯಾಮೆರಾದ ಕಡೆ ನೋಡಿದರು, ಆಮೇಲೆ ಸಹಾಯಕನ ಕಡೆ. ಸಹಾಯಕ ಬೆರಳಿನಲ್ಲಿ ಕತ್ತರಿ ಮಾಡಿ ತೋರಿಸಿದ. ತಕ್ಷಣ ನನ್ನ ಗಂಡನ ಮುಖ ಹಗುರವಾಯಿತು. ದೊಡ್ಡದಾಗಿ ನಕ್ಕು, “ನಮ್ಮತ್ತೆ ನಮ್ಮತ್ತೆನೇ” ಎಂದರು. ಕಾಫಿ ಕುಡಿದರು. ಹೊರಡುವಾಗ ನನ್ನ ಹತ್ತಿರ ಬಂದು, “ಯಾವಾಗ ಬತ್ತೀಯ?” ಎಂದು ಕೇಳಿದರು.

“ಅಧಿವೇಶನ ಮುಗೀಲಿ.”

“ಸರಿ ಬುಡು. ಬಿಳಿ ಸಾಕ್ಸು ಎಲ್ಲಿ ಮಡಗಿದ್ದೀಯ?”

ಹೇಳಿದೆ. ಹೋದರು.

ಕಾಲಿಗೆ ಬೀಳುವ ವಿಡಿಯೋ ಬಂತು. ಕೊಳಲಿನ ಸಂಗೀತ ಇತ್ತು, ಸಾವನದುರ್ಗದ ಬಂಡೆ ಹಿಂದೆ ಚೆನ್ನಾಗಿ ಕಾಣುತ್ತಿತ್ತು, ಅವ್ವನ ಮಾತು ಇರಲಿಲ್ಲ. ಅದನ್ನು ನೋಡಿ ಜನ ಊರಿಗೇ ಬರತೊಡಗಿದರು. ಶಾಸಕರು ಅತ್ತೆಯ ಮಾತು ಮೀರುವುದಿಲ್ಲ ಎಂದು ಸುದ್ದಿಯಾಗಿತ್ತು. ಮಾಗಡಿಯ ಮೇಷ್ಟ್ರೊಬ್ಬರು ವರ್ಗಾವಣೆಗೆ ಹೇಳಿಸಬೇಕೆಂದು ಬಾಳೆಗೊನೆ ಹೊತ್ತು ಬಂದರು. ಅವ್ವ ಅವರಿಗೆ ನೀರು ಕೊಟ್ಟು, “ನನ್ನ ಮಾತು ಅವ್ನು ಕತ್ತರಿಸಿ ಬಿಸಾಕ್ತಾನೆ ಸ್ವಾಮಿ” ಎಂದಳು. ಮೇಷ್ಟ್ರು ಅದನ್ನು ವಿನಯವೆಂದು ತಿಳಿದು ಬಾಳೆಗೊನೆ ಅಲ್ಲೇ ಬಿಟ್ಟುಹೋದರು.

ಅಧಿವೇಶನ ಮುಗಿದ ಮೇಲೆ ನಾನು ರಾಮನಗರಕ್ಕೆ ವಾಪಸು ಬಂದೆ. ಬರದೆ ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆಯನ್ನು ದೊಡ್ಡದು ಮಾಡುವಷ್ಟು ಚಿಕ್ಕವಳಲ್ಲ ನಾನು. ಮನೆ ನಾನಿಲ್ಲದೆಯೂ ನಡೆದಿತ್ತು. ಜಗುಲಿಯವರು ಮಾತ್ರ ಕಾಫಿ ಚೆನ್ನಾಗಿರಲಿಲ್ಲ ಎಂದರು. ಮಂತ್ರಿಗಿರಿ ಬರಲಿಲ್ಲ, ಆದರೆ ನನ್ನ ಗಂಡನಿಗೆ ಸದನದಲ್ಲಿ ಒಂದು ಜಾಗ ಸಿಕ್ಕಿತು. ಈಗ ನಮ್ಮ ಕಡೆಯ ಮಾಜಿ ಸದಸ್ಯರು ಯಾರೇ ತೀರಿಕೊಂಡರೂ ಅವರ ಪಕ್ಷದವರು ಮಾತಾಡಲು ಇವರನ್ನೇ ಎಬ್ಬಿಸುತ್ತಾರೆ. ಚೆನ್ನಾಗಿ ಅಳುತ್ತಾರೆ ಎಂದು ಹೆಸರಾಗಿದೆ. ರಾಜ್ಯದ ಜನರ ಬಗ್ಗೆ ಆ ಮೈಕಿನಲ್ಲಿ ಅವರು ಆಡಿದ ಮಾತು ನನಗೆ ತಿಳಿದಂತೆ ಇನ್ನೂ ಇಲ್ಲ.

ಮೊನ್ನೆ ಮತ್ತೊಂದು ಅಧಿವೇಶನ ಹತ್ತಿರ ಬಂತು. ಆಪ್ತ ಸಹಾಯಕ ಪಕ್ಕದಲ್ಲಿ ಕೂತಿದ್ದ. ನನ್ನ ಗಂಡ ನನ್ನನ್ನು ಕರೆದು, ಚನ್ನಪಟ್ಟಣದ ಕಡೆಯ ಒಬ್ಬ ಹಳೆಯ ಶಾಸಕರ ಬಗ್ಗೆ ಕೇಳಿದರು. ಅಪ್ಪನ ಕಾಲದವರು, ಅಪ್ಪನ ಸ್ನೇಹಿತರು.

“ಅವ್ರ ವಿಷ್ಯ ಏನಾರ ಗೊತ್ತಾ ನಿಂಗೆ? ಒಸಿ ಚೆನ್ನಾಗಿರೋದು.”

“ಅವರಿನ್ನೂ ಬದುಕಿದ್ದಾರೆ ಕಣ್ರೀ. ಆಸ್ಪತ್ರೆಲಿದ್ದಾರೆ ಅಷ್ಟೆ.”

“ಗೊತ್ತು” ಎಂದರು ನನ್ನ ಗಂಡ. “ಮುಂಚೆನೇ ರೆಡಿ ಇರ್ಲಿ ಅಂತ.”